ಎರಡು ಸುತ್ತು ಬಾಕಿ

"ಎರಡೇ ಎರಡು ಸುತ್ತು ಕಣವ್ವ, ಕೈ ಬುಡು," ಎಂದು ಮಹದೇವು ಗೋಗರೆದ.

ದೇವೀರಮ್ಮ ಬಿಡಲಿಲ್ಲ. ಸ್ಪ್ಯಾನರಿನ ಒಂದು ತುದಿ ಮಗನ ಮುಷ್ಟಿಯಲ್ಲಿತ್ತು, ಇನ್ನೊಂದು ತುದಿ ಅವಳ ಮುಷ್ಟಿಯಲ್ಲಿ. "ರಾಹುಕಾಲ ಉಟ್ಟೋ ಒತ್ತಾಯ್ತು ಕಣ್ಲಾ. ಬೆಳಗಿಂದ ಇನ್ನೊಸಿ, ಇನ್ನೊಸಿ ಅಂತ ಕುಂತಿದ್ದೀಯೆ. ನಿನ್ನ ಸುತ್ತು ಮುಗಿಯೋದು ಯಾವಾಗ, ನನ್ನ ಪೂಜೆ ಆಗೋದು ಯಾವಾಗ?" ಎಂದವಳೇ ಒಂದು ಜಗ್ಗು ಜಗ್ಗಿ ಕಿತ್ತುಕೊಂಡಳು. ಅದಕ್ಕೆ ಮೆತ್ತಿದ್ದ ಗ್ರೀಸನ್ನು ಹಳೇ ಬಟ್ಟೆಯಲ್ಲಿ ಒರೆಸುತ್ತ ಒಳಗೆ ನಡೆದೂಬಿಟ್ಟಳು.

ಹಜಾರದ ಮಣೆಯ ಮೇಲೆ ಮನೆಯ ಕಬ್ಬಿಣವೆಲ್ಲ ಆಗಲೇ ಸಾಲಾಗಿ ಕೂತಿತ್ತು: ಕುಡುಗೋಲು, ಮಚ್ಚು, ಈಳಿಗೆಮಣೆ, ಕತ್ತರಿ, ಹಾರೆ. ದೇವೀರಮ್ಮ ಸ್ಪ್ಯಾನರನ್ನು ಅವುಗಳ ಪಕ್ಕ ಮಲಗಿಸಿ ಅರಿಶಿನ ಕುಂಕುಮವಿಟ್ಟು ಚೆಂಡುಹೂ ಏರಿಸಿದಳು. ಆಯುಧಪೂಜೆಯ ದಿನ ಹೂ ಏರಿತೆಂದರೆ ಮುಗಿಯಿತು. ಮರುದಿನ ವಿಜಯದಶಮಿಯ ಬೆಳಿಗ್ಗೆ ಮತ್ತೊಮ್ಮೆ ಮಂಗಳಾರತಿ ಮಾಡಿ ಇಳಿಸುವ ತನಕ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಮೈಸೂರು ಪಟ್ಟಣ ಬೆಳೆದು ಪಡುವಾರಹಳ್ಳಿಯ ಮೈಮೇಲೆ ಬಂದು ಕೂತ ಮೇಲೆ ಎಷ್ಟೋ ಮನೆಗಳಲ್ಲಿ ಈ ಕಟ್ಟುಪಾಡು ಸಡಿಲವಾಗಿತ್ತು. ದೇವೀರಮ್ಮನ ಮನೆಯಲ್ಲಿ ಆಗಿರಲಿಲ್ಲ. ಆ ದಿನದ ಸಾರಿಗೆ ಬೇಕಾದ ತರಕಾರಿಯನ್ನು ಕೂಡ ಅವಳು ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತಿದ್ದಳು.

ಮಹದೇವು ಖಾಲಿ ಕೈ ಉಜ್ಜಿಕೊಳ್ಳುತ್ತ ಸೈಕಲ್ಲನ್ನೇ ನೋಡುತ್ತ ನಿಂತ. ಅದು ಅವನ ಹೆಂಡತಿ ಚಾಮುಂಡಮ್ಮನ ಲೇಡೀಸ್ ಸೈಕಲ್ಲು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವನಿಗೆ ಆ ಸೈಕಲ್ಲನ್ನು ಅಂಗಡಿಯವರ ಕೈಗೆ ಕೊಡಲು ಮನಸ್ಸೇ ಬರುತ್ತಿರಲಿಲ್ಲ. ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಅಂಗಳದಲ್ಲಿ ಗೋಣಿತಾಟು ಹಾಸಿ, ಹ್ಯಾಂಡಲ್ ಎಳೆದು, ಮುಂದಿನ ಫೋರ್ಕು ಇಳಿಸಿ, ಅದರ ಕತ್ತಿನಲ್ಲಿರುವ ಉಕ್ಕಿನ ಗುಂಡುಗಳನ್ನೆಲ್ಲ, ಅಂದರೆ ಬಾಲ್ಸುಗಳನ್ನೆಲ್ಲ, ತೆಂಗಿನ ಚಿಪ್ಪಿನ ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದ. ತೊಳೆದು, ಒರೆಸಿ, ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸಿ, ಫೋರ್ಕನ್ನು ಮತ್ತೆ ಏರಿಸಿ, ಅದು ಅಲುಗಾಡದ ಹಾಗೆ, ತಿರುಗಲು ತಿಣುಕದ ಹಾಗೆ ಹದ ನೋಡಿ ನಟ್ಟು ಹಾಕುವ ತನಕ ಅವನಿಗೆ ಊಟ ನಿದ್ದೆ ಬೇಕಾಗುತ್ತಿರಲಿಲ್ಲ. ಈ ಸಲ ಹಿಂದಿನ ದಿನ ಓವರ್‌ಟೈಮ್ ಬಿದ್ದು ಕೆಲಸ ಹಬ್ಬದ ಬೆಳಿಗ್ಗೆಗೆ ಉಳಿದುಕೊಂಡಿತ್ತು. ಎಲ್ಲ ಆಗಿತ್ತು. ಹ್ಯಾಂಡಲಿನ ನೆತ್ತಿಯ ಬೋಲ್ಟೊಂದು ಬಾಕಿ.

"ಇಲ್ಲಿ ಕೇಳವ್ವ," ಎಂದು ಅವ್ವನನ್ನು ಕರೆದು ತೋರಿಸಿದ. "ಫೋರ್ಕು ಕುಂತದೆ. ಹ್ಯಾಂಡಲ್ ಮಾತ್ರ ಸುಮ್ನೆ ಒಳೀಕೆ ಇಳಿಬುಟ್ಟಿವ್ನಿ. ಈ ಬೋಲ್ಟ ಬಿಗಿ ಮಾಡುದ್ರೆ ಒಳಗಿರೋ ಬೆಣೆ ಮ್ಯಾಕೆ ಬಂದು ಕಚ್ಕೊತದೆ. ಈಗ ಒಸಿ ಮಾತ್ರ ಕಚ್ಕೊಂಡದೆ. ಮಟ್ಟದ ರಸ್ತೇಲಿ ಏನೂ ಗೊತ್ತಾಗಕಿಲ್ಲ. ಇಳಿಜಾರಲ್ಲಿ ಒಂದು ಕಲ್ಲು ಸಿಕ್ತೋ, ಹ್ಯಾಂಡಲ್ ಒಂದ್ಕಡೆ, ಚಕ್ರ ಒಂದ್ಕಡೆ."

"ಕಡಾಣಿ ಇಲ್ದಿರೋ ಗಾಡಿ ಅನ್ನು."

"ಅದೇಯ. ನಾಳೆ ಬಿಗಿ ಮಾಡ್ತೀನಿ. ಚಾಮು ನೀರು ಉಯ್ಕೋತಾವ್ಳೆ. ಬಂದೇಟ್ಗೆ ಏಳ್ಬುಡು, ಸೈಕಲ್ ಮುಟ್ಬ್ಯಾಡ ಅಂತ. ವರ್ಕ್‌ಶಾಪಲ್ಲಿ ಪೂಜೆಗೆ ಒತ್ತಾಯ್ತು ನಂಗೆ."

"ನೀನೇ ಕೂಗಿ ಏಳು."

"ನೀನೇ ಏಳವ್ವ. ಬಾಯೇನು ಸವುದೋಗಕಿಲ್ಲ," ಎಂದು ನಕ್ಕು, ಅಂಗಿ ತೊಟ್ಟು ಹೊರಟುಹೋದ.

ಬೇಕೆಂದೇ ಹಾಗೆ ಮಾಡಿದ್ದ ಕಳ್ಳ. ಅತ್ತೆ ಸೊಸೆ ಮಾತು ಬಿಟ್ಟು ತಿಂಗಳ ಮೇಲಾಗಿತ್ತು. ಗೌರಿಹಬ್ಬಕ್ಕೆ ಬಾಗಿನ ತಂದ ನೆಂಟರ ಮುಂದೆ ದೇವೀರಮ್ಮನ ಎಲುಬಿಲ್ಲದ ನಾಲಗೆ ಒಂದು ಮಾತು ಆಡಿಬಿಟ್ಟಿತ್ತು. "ನಮ್ಮ ಸೊಸೆ ಊರಿನ ಮಕ್ಕಳನ್ನೆಲ್ಲ ಎರಿಗೆ ಮಾಡ್ಸಿ ಬತ್ತಾಳೆ. ನಮ್ಮನೆ ತೊಟ್ಲು ಮಾತ್ರ ಅಟ್ಟದ ಮ್ಯಾಲೇ ಅದೆ." ಒಂಟಿಕೊಪ್ಪಲಿನ ಹೆರಿಗೆ ಮನೆಯಲ್ಲಿ ಮಿಡ್‌ವೈಫ್ ಆಗಿದ್ದ ಚಾಮುಂಡಮ್ಮ ಆ ಹೊತ್ತಿಗೆ ಅಡುಗೆಮನೆಯಿಂದ ಪಾನಕದ ತಟ್ಟೆ ಹಿಡಿದು ಬರುತ್ತಿದ್ದಳು. ತಟ್ಟೆಯನ್ನು ನೆಂಟರ ಮುಂದಿಟ್ಟು, ತಿರುಗಿ ಒಳಗೆ ಹೋದಳು. ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳು ಅತ್ತೆಗೆ ಮುದ್ದೆ ಬಡಿಸುತ್ತಿದ್ದಳು, ಕಾಲು ನೋವಿಗೆ ಬಿಸಿನೀರು ಕಾಯಿಸಿಡುತ್ತಿದ್ದಳು, ಆದರೆ ಬಾಯಿ ಬಿಡುತ್ತಿರಲಿಲ್ಲ. ದೇವೀರಮ್ಮನಿಗೂ ತಾನು ಅಂದದ್ದು ತಪ್ಪೆಂದು ಆ ಗಳಿಗೆಯಲ್ಲೇ ಗೊತ್ತಾಗಿತ್ತು. ಗೊತ್ತಾದ ಮಾತ್ರಕ್ಕೆ ಬಗ್ಗುವ ಹೆಂಗಸೇ ಅವಳು! ಸೊಸೆಗೆ ಹೇಳಬೇಕಾದ್ದನ್ನೆಲ್ಲ ಮಗನಿಗೆ ಹೇಳುತ್ತಿದ್ದಳು. ಮಗ ಇಲ್ಲದಾಗ ಬೆಕ್ಕಿಗೆ ಹೇಳುತ್ತಿದ್ದಳು.

ಅವತ್ತೂ ಹಾಗೇ ಆಯಿತು. ಚಾಮುಂಡಮ್ಮ ಒದ್ದೆ ಕೂದಲು ಒರೆಸಿಕೊಳ್ಳುತ್ತ ಬಂದಳು. ದೇವೀರಮ್ಮ ಸೈಕಲ್ಲಿನ ಹ್ಯಾಂಡಲಿಗೆ ಹೂವಿನ ಹಾರ ಸುತ್ತುತ್ತಿದ್ದವಳು ಬಾಯಿ ತೆರೆದಳು. ಸೊಸೆ ಅವಳತ್ತ ನೋಡದೆ ಹಾದುಹೋದಳು. ತೆರೆದ ಬಾಯಿ ಮುಚ್ಚಿಕೊಂಡಿತು. ಏನವಸರ, ಉಂಡ ಮೇಲೆ ಹೇಳಿದರಾಯಿತು, ಇವತ್ತು ಹೇಗೂ ಇವಳಿಗೆ ರಜಾ, ಎಲ್ಲಿ ಹೋಗ್ತಾಳೆ ಅಂದುಕೊಂಡಳು. ಗೋಡೆಯ ಕಡೆ ತಿರುಗಿ, "ಇವತ್ತು ಪೂಜೆ ಆಗಿರೋದ್ನ ಯಾರೂ ಮುಟ್ಟೋ ಆಗಿಲ್ಲಪ್ಪ," ಎಂದಳು. ಗೋಡೆ ಕೇಳಿಸಿಕೊಂಡಿತು.

ಉಣ್ಣುವ ಹೊತ್ತಿಗೆ ಬಾಗಿಲಲ್ಲಿ ಸೈಕಲ್ ಬಿದ್ದ ಸದ್ದಾಯಿತು. ನಿಲ್ಲಿಸಲೂ ಪುರಸತ್ತಿಲ್ಲದೆ ಅದನ್ನು ಕೆಡವಿ ಒಬ್ಬ ನಡುವಯಸ್ಸಿನ ಗಂಡಸು ಜಗುಲಿಗೆ ಓಡಿಬಂದ. ಮೈಯೆಲ್ಲ ಬೆವರು, ಮಂಡಿಯವರೆಗೆ ಧೂಳು.

"ನರ್ಸಮ್ಮಾವ್ರು ಇದ್ದಾರಾ? ನಾನು ಇಲವಾಲದ ಶಿವಮಲ್ಲಪ್ಪ. ನನ್ನ ಮಗಳಿಗೆ ನೆನ್ನೆ ಸಂಜೆಯಿಂದ ನೋವು. ಚೊಚ್ಚಲು. ಬೆಳಿಗ್ಗೆಯೇ ನೀರು ಹೋಯ್ತು, ಮಗು ಬರ್ತಾ ಇಲ್ಲ. ಸೂಲಗಿತ್ತಿ ಕೈಚೆಲ್ಲಿ ಕೂತವಳೆ. ಗಾಡಿ ಕಟ್ಟೋವ್ರಿಲ್ಲ, ಬಸ್ಸಿಗೆಲ್ಲ ಬಾಳೆಕಂಬ ಕಟ್ಟಿ ನಿಲ್ಲಿಸವ್ರೆ. ಕಾಲಿಗೆ ಬೀಳ್ತೀನಿ ತಾಯಿ."

ಚಾಮುಂಡಮ್ಮ ಎಲೆ ಬಿಟ್ಟು ಎದ್ದು ಬಂದಿದ್ದಳು. "ನೋವು ಬಿಟ್ಟು ಬಿಟ್ಟು ಬರ್ತಾ ಇದೆಯಾ, ನಿಂತುಹೋಗಿದೆಯಾ?" ಎಂದು ಕೇಳಿದಳು. ಅವನಿಗೆ ಅದೆಲ್ಲ ಏನು ಗೊತ್ತು, ಅಳು ತಡೆದುಕೊಂಡು ನಿಂತ. "ಸರಿ, ನೀವು ಮುಂದೆ ಹೋಗಿ. ನೀರು ಕುದಿಸಿಡೋಕೆ ಹೇಳಿ. ಸೂಲಗಿತ್ತಿ ಹೊಟ್ಟೆ ಅದುಮಬಾರದು, ಖಂಡಿತ ಅದುಮಬಾರದು. ನಾನು ಒಂಟಿಕೊಪ್ಪಲಿಗೆ ಹೋಗಿ ಬ್ಯಾಗ್ ತಗೊಂಡು ಹಿಂದೆಯೇ ಬರ್ತೀನಿ."

ಶಿವಮಲ್ಲಪ್ಪ ಬಿದ್ದ ಸೈಕಲ್ ಎತ್ತಿಕೊಂಡು ಹೊರಟ. ಚಾಮುಂಡಮ್ಮ ಒಳಗೆ ಹೋಗಿ ಬಿಳಿ ಸೀರೆ ಸುತ್ತಿಕೊಂಡು, ಹಸಿ ಕೂದಲನ್ನು ಗಂಟು ಹಾಕಿಕೊಂಡು ಬಂದು ಸೈಕಲ್ಲಿನ ಹಾರ ಬಿಚ್ಚತೊಡಗಿದಳು.

ದೇವೀರಮ್ಮನಿಗೆ ಮೈ ಉರಿದುಹೋಯಿತು. ಹೇಳಬೇಕಾದ ಮಾತು ಒಂದಿತ್ತು, ಬಾಯಿಗೆ ಬಂದದ್ದು ಬೇರೆಯೇ. "ಪೂಜೆ ಮಾಡಿರೋ ಸೈಕಲ್ ಕಣಮ್ಮಿ ಅದು! ಆರ ಕಿತ್ತಾಕ್ತಿಯಲ್ಲ, ಕೈಯೆಂಗೆ ಬಂತು ನಿಂಗೆ? ಇವತ್ತು ಒಂದಿನ ಈ ಮನೇಲಿ ಚಕ್ರ ಉಳ್ಳಬಾರದು. ನಮ್ಮತ್ತೆ ಕಾಲದಿಂದ ಉಳ್ಳಿಲ್ಲ."

ಚಾಮುಂಡಮ್ಮ ಹಾರವನ್ನು ಮಡಿಸಿ ಜಗುಲಿಯ ಮೇಲಿಟ್ಟಳು. ತಿಂಗಳ ಮೇಲೆ ಮೊದಲ ಸಲ ಅತ್ತೆಯ ಮುಖ ನೋಡಿ ಮಾತಾಡಿದಳು.

"ಅಲ್ಲಿ ಒಬ್ಬಳು ಸಾಯ್ತಾ ಇದ್ದಾಳೆ. ದೇವರು ಸಿಟ್ಟು ಮಾಡ್ಕೊಂಡ್ರೆ ನನ್ನ ಮೇಲೆ ಮಾಡ್ಕೊಳ್ಲಿ. ನನ್ನ ತೊಟ್ಟಿಲಂತೂ ಅಟ್ಟದ ಮೇಲೇ ಇದೆಯಲ್ಲ, ಇನ್ನೇನು ಕಿತ್ಕೊಳ್ತಾನೆ?"

ಹ್ಯಾಂಡಲ್ ಬಿಗಿಯಾಗಿಲ್ಲ ಕಣಮ್ಮಿ. ಇಷ್ಟೇ ಮಾತು. ಅದು ದೇವೀರಮ್ಮನ ನಾಲಗೆಯ ತುದಿಗೆ ಬಂದು ಕೂತಿತ್ತು. ಮರೆವೇನಲ್ಲ, ಬೋಲ್ಟು ಬಿಗಿಯಾಗಿಲ್ಲವೆಂದು ಮಗ ಅಂದದ್ದು ಚೆನ್ನಾಗಿಯೇ ನೆನಪಿತ್ತು. ಆದರೆ ತೊಟ್ಟಿಲಿನ ಮಾತು ಬಂದು ಎದೆಗೆ ಇರಿದ ಮೇಲೆ ಹಠ ಎದ್ದು ನಿಂತಿತು. ಇಷ್ಟು ದೊಡ್ಡ ಮಾತಾಡುವವಳಿಗೆ ನಾನ್ಯಾಕೆ ಹೇಳಲಿ? ನನ್ನ ಮಾತು ಕೇಳಿದ್ದರೆ ಇವಳು ಸೈಕಲ್ ಮುಟ್ಟುತ್ತಲೇ ಇರಲಿಲ್ಲ. ಹೋಗಲಿ, ನಾಲ್ಕು ಹೆಜ್ಜೆ ಹೋಗಿ ಹ್ಯಾಂಡಲ್ ಜಾರಿದರೆ ತಾನೇ ತಳ್ಳಿಕೊಂಡು ವಾಪಸ್ ಬರ್ತಾಳೆ, ಆಗ ಗೊತ್ತಾಗ್ತದೆ. ಬಾಯಿ ಬಿಗಿ ಹಿಡಿದು ನಿಂತಳು. ಮುಂದಿನ ಚಕ್ರ ಅದರ ಕೆಳಗಿಟ್ಟಿದ್ದ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಬೀದಿಗಿಳಿಯಿತು. ಹ್ಯಾಂಡಲ್ ಜಾರಲಿಲ್ಲ. ಬಿಳಿ ಸೀರೆ ಬೀದಿಯ ಕೊನೆ ಮುಟ್ಟಿ, ಒಂಟಿಕೊಪ್ಪಲಿನ ಕಡೆ ತಿರುಗಿ ಮರೆಯಾಯಿತು.

ಮಟ್ಟದ ರಸ್ತೇಲಿ ಏನೂ ಗೊತ್ತಾಗಕಿಲ್ಲ.

ಮಗನ ಮಾತು ಆಗ ಅವಳ ಕಿವಿಯಲ್ಲಿ ಮೊಳಗಿತು. ಒಂಟಿಕೊಪ್ಪಲು ಮಟ್ಟ, ಅಲ್ಲಿಂದ ಇಲವಾಲಕ್ಕೆ ಹೋಗುವ ಹುಣಸೂರು ರಸ್ತೆಯೂ ದಿಣ್ಣೆಯ ತನಕ ಮಟ್ಟ. ದಿಣ್ಣೆ ದಾಟಿದರೆ ಹಿನಕಲ್ ಕಡೆಗೆ ಇಳಿಜಾರು. ಜಲ್ಲಿ ಎದ್ದ ರಸ್ತೆ, ಬುಡದಲ್ಲಿ ಕಲ್ಲಿನ ಮೋರಿ. ಹೋದ ಬೇಸಗೆಯಲ್ಲಿ ಅಲ್ಲೇ ಒಂದು ಸೌದೆ ಗಾಡಿ ಮಗುಚಿ ಎತ್ತು ಸತ್ತಿತ್ತು. "ಅಯ್ಯೋ ನನ್ನ ಬಾಯಿಗೆ ಮಣ್ಣು ಬೀಳ," ಎಂದು ದೇವೀರಮ್ಮ ಬೀದಿಗೆ ಓಡಿದಳು. ಕೂಗಿದಳು. ಬೀದಿಯಲ್ಲಿ ಕೇಳುವವರು ಯಾರಿದ್ದರು? ದಸರಾ ನೋಡಲು ಅರ್ಧ ಊರು ಅರಮನೆಯ ಕಡೆ ಹೋಗಿತ್ತು, ಇನ್ನರ್ಧ ಹೋಳಿಗೆ ಉಂಡು ಮಲಗಿತ್ತು.

ಎದುರು ಮನೆಯ ಜವರಯ್ಯ ಮಾತ್ರ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಎತ್ತಿನ ಕೊಂಬಿಗೆ ಬಣ್ಣ, ಗಾಡಿಯ ನೊಗಕ್ಕೆ ಮಾವಿನ ಸೊಪ್ಪು.

"ಜವರಾ, ಗಾಡಿ ಕಟ್ಟೋ! ಉಣಸೂರು ರಸ್ತೆ ದಿಣ್ಣೆಗೆ ಓಗ್ಬೇಕು, ಬಿರ್ರನೆ ಕಟ್ಟು!"

ಜವರಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಏನಕ್ಕ, ಆಯುಧಪೂಜೆ ದಿನ ಕತ್ತಿಗೆ ನೊಗ ಇಡೋದಾ? ಓದೊರ್ಸ ಒಂದು ಮೂಟೆ ರಾಗಿ ತರಕ್ಕೆ ಕಟ್ಟಿದ್ದಕ್ಕೆ ಬೀದೀಲಿ ನಿಲ್ಸಿ ಉಗುದು ಉಪ್ಪಾಕಿದ್ದೆ ನನ್ನ. ಈಗ ನೀನೇ ಕಟ್ಟು ಅಂತೀಯಲ್ಲ."

"ಆಗ ಅಂದಿದ್ದು ನಾಯಿ ಬೊಗಳ್ತು ಅನ್ಕೊ, ಕಟ್ಟೋ ನನ್ನಪ್ಪ!"

ಅವನು ಹಗ್ಗ ಹುಡುಕಲು ತಲೆ ಕೆರೆದುಕೊಳ್ಳುತ್ತ ಕೊಟ್ಟಿಗೆಗೆ ಹೋದ. ಬಣ್ಣ ಹಚ್ಚಿದ ಎತ್ತು ಬಿಚ್ಚಿ, ನೊಗದ ಸೊಪ್ಪು ತೆಗೆದು, ಹೂಡಿ ಹೊರಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಅವಳಿಗೆ ಅನ್ನಿಸಿತು. ಹೊಲದ ಮೇಲೆ ಅಡ್ಡ ಬಿದ್ದು ಹೋದರೆ ದಿಣ್ಣೆಗೆ ಅರ್ಧ ದಾರಿ. ಚಾಮುಂಡಮ್ಮ ಒಂಟಿಕೊಪ್ಪಲಿಗೆ ಹೋಗಿ, ಬ್ಯಾಗ್ ತೆಗೆದುಕೊಂಡು, ಬಳಸಿಕೊಂಡು ಬರಬೇಕು. ಸಿಕ್ಕರೂ ಸಿಗಬಹುದು. ಸಿಕ್ಕಿದರೆ ಸಾಕೇ? ತಡೆದು ನಿಲ್ಲಿಸಿದರೆ ಇಲವಾಲದ ಹುಡುಗಿಯ ಗತಿಯೇನು? ಬೇಡ ಎಂದರೆ ಬಿಡುವ ಜಾತಿಯೂ ಅಲ್ಲ ಇವಳು.

ದೇವೀರಮ್ಮ ತಿರುಗಿ ಮನೆಯೊಳಗೆ ಹೋದಳು. ಮಣೆಯ ಮುಂದೆ ನಿಂತಾಗ ಒಂದು ಗಳಿಗೆ ಕೈ ಹಿಂಜರಿಯಿತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದು ವರ್ಷವೂ ಅವಳು ಹೂವೇರಿದ ಕಬ್ಬಿಣವನ್ನು ಅಲುಗಿಸಿದವಳಲ್ಲ. ಗಂಡ ತೀರಿಕೊಂಡ ವರ್ಷ ಕೂಡ ಮಣೆಯ ಮೇಲಿನದು ಮಣೆಯ ಮೇಲೆಯೇ ಇತ್ತು. "ತಪ್ಪಾಯ್ತು ಕಣೆ ತಾಯಿ, ಬೆಟ್ಟದ ಮ್ಯಾಲೆ ಕುಂತಿರೋಳೆ, ಶಿಕ್ಷೆ ಕೊಡೋದಾದ್ರೆ ನಂಗೆ ಕೊಡು," ಎಂದು ಕೆನ್ನೆ ಕೆನ್ನೆ ಬಡಿದುಕೊಂಡು ಸ್ಪ್ಯಾನರ್ ಎಳೆದುಕೊಂಡಳು. ಹೂವು ಉರುಳಿ ಕುಡುಗೋಲಿನ ಮೇಲೆ ಬಿತ್ತು. ಅದನ್ನು ಎತ್ತಿಡಲೂ ನಿಲ್ಲದೆ ಸೀರೆ ಎತ್ತಿ ಕಟ್ಟಿ ಹಿತ್ತಿಲ ಬೇಲಿ ದಾಟಿದಳು.

ಈಗ ಬಡಾವಣೆಯಾಗಿ, ಅಡ್ಡರಸ್ತೆಗೊಂದು ನಂಬರು ಹೊತ್ತು ನಿಂತಿರುವ ಆ ಜಾಗವೆಲ್ಲ ಆಗ ರಾಗಿ ಹೊಲ. ತೆನೆ ಕಟ್ಟುತ್ತಿದ್ದ ಪೈರಿನ ನಡುವೆ ಬದುವಿನ ಮೇಲೆ ಅವಳು ಓಡಿದಳು. ಓಟ ಅಂದರೆ ಓಟವೇನಲ್ಲ. ಅರವತ್ತು ದಾಟಿದ ಮಂಡಿ, ನಾಲ್ಕು ಹೆಜ್ಜೆ ಓಡುವುದು, ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು, ಮತ್ತೆ ಓಡುವುದು. ಒಂದು ಬದುವಿನಲ್ಲಿ ಕಾಲು ಜಾರಿ ಮೊಣಕೈ ಊರಿ ಬಿದ್ದಳು. ಎದ್ದಳು. ದಾರಿಯುದ್ದಕ್ಕೂ ಬಾಯಿಯಲ್ಲಿ ಒಂದೇ ಬೈಗುಳ, ಅದೂ ತನಗೇ. "ಮುಂಡೇದೆ, ಒಂದು ಮಾತು ಆಡಕ್ಕೆ ಏನಾಗಿತ್ತೆ ನಿಂಗೆ? ಬ್ಯಾಡ್ದಿರೋದೆಲ್ಲ ಬೊಗಳ್ತಿಯಲ್ಲ, ಅದೊಂದು ಆಡಕ್ಕೆ ಏನಾಗಿತ್ತೆ?" ಗೌರಿಹಬ್ಬದ ದಿನ ಪಾನಕದ ತಟ್ಟೆ ಇಟ್ಟು ತಿರುಗಿ ಹೋದ ಸೊಸೆಯ ಬೆನ್ನು ಕಣ್ಣಿಗೆ ಕಟ್ಟಿತು. ಮಗನಿಗೆ ಏನು ಹೇಳುವುದು? ನೀನು ಹೇಳು ಅಂದಿದ್ದೆ, ನಾನು ಹೇಳಲಿಲ್ಲ ಎಂದೇ?

ದಿಣ್ಣೆಯ ಮೇಲಿನ ಗೋಣಿಮರದ ಬುಡಕ್ಕೆ ಬಂದು ರಸ್ತೆಗೆ ಬಿದ್ದಾಗ ಉಸಿರೇ ಉಳಿದಿರಲಿಲ್ಲ. ಮೊದಲು ಇಳಿಜಾರಿನ ಕಡೆ ನೋಡಿದಳು. ಬಿಳಿಯದೇನೂ ಬಿದ್ದಿರಲಿಲ್ಲ. ಆಮೇಲೆ ಪಟ್ಟಣದ ಕಡೆ ನೋಡಿದಳು. ದೂರದಲ್ಲಿ, ಬಿಸಿಲಿನಲ್ಲಿ, ಚಾಮುಂಡಮ್ಮ ಬರುತ್ತಿದ್ದಳು. ಹಿಂದಿನ ಕ್ಯಾರಿಯರಿನಲ್ಲಿ ಕಪ್ಪು ಬ್ಯಾಗು. ಮುಂದಕ್ಕೆ ಬಾಗಿ, ಜೀವ ಬಿಟ್ಟು ತುಳಿಯುತ್ತಿದ್ದಳು.

"ನಿಲ್ಸು!" ಎಂದು ಕೂಗಿದಳು ದೇವೀರಮ್ಮ. ಸದ್ದು ಹೊರಡಲಿಲ್ಲ, ಗಂಟಲೊಣಗಿ ಬರೀ ಗಾಳಿ ಬಂತು. ಕೈ ಬೀಸಿದಳು.

ಚಾಮುಂಡಮ್ಮ ಅತ್ತೆಯನ್ನು ನೋಡಿದಳು. ಕೆದರಿದ ಕೂದಲು, ಎತ್ತಿ ಕಟ್ಟಿದ ಸೀರೆ, ಮೇಲೆತ್ತಿದ ಕೈಯಲ್ಲಿ ಕಬ್ಬಿಣ. ಅವಳಿಗೆ ಏನನ್ನಿಸಿರಬೇಕು ಹೇಳಿ. ಪೂಜೆ ಕೆಟ್ಟಿತೆಂದು ಮುದುಕಿ ಇಲ್ಲಿಯತನಕ ಅಟ್ಟಿಸಿಕೊಂಡು ಬಂದಳಲ್ಲ, ನಡುರಸ್ತೆಯಲ್ಲಿ ನಿಲ್ಲಿಸಿ ರಂಪ ಮಾಡುತ್ತಾಳೆ, ಅಲ್ಲಿ ಹುಡುಗಿ ಸಾಯುತ್ತಾಳೆ. ಅವಳು ಮುಖ ತಿರುಗಿಸಿಕೊಂಡು ಇನ್ನೂ ಜೋರಾಗಿ ತುಳಿದಳು.

ನಿಲ್ಲುವುದಿಲ್ಲ ಇವಳು ಎಂಬುದು ದೇವೀರಮ್ಮನಿಗೆ ತಿಳಿದುಹೋಯಿತು. ಬೇರೆ ದಾರಿಯೇ ಇರಲಿಲ್ಲ. ರಸ್ತೆಯ ನಟ್ಟನಡುವೆ ಹೋಗಿ ಎರಡೂ ಕೈ ಚಾಚಿ ನಿಂತಳು. ಸೈಕಲ್ಲು ಹತ್ತಿರ ಬಂತು, ಬೆಲ್ಲು ಒಂದೇ ಸಮ ಹೊಡೆದುಕೊಂಡಿತು. "ಪಕ್ಕಕ್ಕೆ ಹೋಗಿ ಅತ್ತೇ!" ಎಂದು ಚಾಮುಂಡಮ್ಮ ಕಿರುಚಿದಳು. ದೇವೀರಮ್ಮ ಕಣ್ಣು ಮುಚ್ಚಿಕೊಂಡಳೇ ಹೊರತು ಕದಲಲಿಲ್ಲ. ಕೊನೇ ಗಳಿಗೆಯಲ್ಲಿ ಚಾಮುಂಡಮ್ಮ ಬ್ರೇಕು ಒತ್ತಿ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಳು. ಹ್ಯಾಂಡಲ್ ತಿರುಗಿತು. ಚಕ್ರ ತಿರುಗಲಿಲ್ಲ. ಅದು ನೆಟ್ಟಗೆ ಬಂದು ದೇವೀರಮ್ಮನ ತೊಡೆಗೆ ಬಡಿಯಿತು. ಸೈಕಲ್ಲು, ಬ್ಯಾಗು, ಅತ್ತೆ, ಸೊಸೆ ಎಲ್ಲ ಒಂದರ ಮೇಲೊಂದು ಧೂಳಿನಲ್ಲಿ ಉರುಳಿದವು.

ಮೊದಲು ಎದ್ದವಳು ಚಾಮುಂಡಮ್ಮ. ಅಂಗೈ ತರಚಿ ರಕ್ತ ಬರುತ್ತಿತ್ತು. ಅವಳು ನೋಡಿದ್ದು ಬ್ಯಾಗನ್ನು. ತೆರೆದು ಒಳಗಿನ ಸೀಸೆಗಳು ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಸಿಟ್ಟು ನೆತ್ತಿಗೇರಿತು.

"ನಿಮಗೆ ಹುಚ್ಚು ಹಿಡಿದಿದೆಯಾ? ಹೆರಿಗೆಗೆ ಹೊರಟವಳಿಗೆ ಅಡ್ಡ ಹಾಕ್ತೀರಲ್ಲ, ನೀವೂ ಒಬ್ಬರು ಹೆಣ್ಣಾ?"

ದೇವೀರಮ್ಮ ಧೂಳಿನಲ್ಲಿ ಕೂತಲ್ಲಿಂದಲೇ ಸ್ಪ್ಯಾನರ್ ಮುಂದೆ ಚಾಚಿದಳು. "ಬೋಲ್ಟು," ಎಂದಳು. ಉಸಿರೆಳೆದುಕೊಂಡು, "ಬಿಗಿ ಆಗಿಲ್ಲ," ಎಂದಳು.

ಚಾಮುಂಡಮ್ಮ ಸೈಕಲ್ ಎತ್ತಿದಳು. ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದಳು. ಬಿದ್ದ ಪೆಟ್ಟಿಗೆ ಇದ್ದ ಹಿಡಿತವನ್ನೂ ಬಿಟ್ಟಿದ್ದ ಅದು ಆ ಕಡೆಗೂ ಈ ಕಡೆಗೂ ತಡೆಯಿಲ್ಲದೆ ಆಡಿತು. ತಲೆಯೆತ್ತಿ ಇಳಿಜಾರನ್ನು ನೋಡಿದಳು. ಜಲ್ಲಿ ಎದ್ದ ರಸ್ತೆ ನೇರ ಇಳಿದು, ಮೋರಿಯ ಹತ್ತಿರ ಎಡಕ್ಕೆ ಹೊರಳಿ ಹಿನಕಲ್ಲಿನ ಮರಗಳ ಸಂದಿಗೆ ಹೋಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಲ್ಲಿ ಬನ್ನಿ, ಚಕ್ರ ಹಿಡ್ಕೊಳ್ಳಿ," ಎಂದಳು.

ದೇವೀರಮ್ಮ ಕುಂಟುತ್ತ ಎದ್ದು ಬಂದಳು. ಮಗ ಮಾಡುವುದನ್ನು ಎಷ್ಟೋ ಸಲ ಜಗುಲಿಯ ಮೇಲೆ ಕೂತು ನೋಡಿದ್ದಳು, ಬೈದಿದ್ದಳು ಕೂಡ. ಈಗ ತಾನೇ ನಡುರಸ್ತೆಯಲ್ಲಿ, ಸೀರೆ ಮೇಲೆ ಕಟ್ಟಿಕೊಂಡು, ಚಕ್ರವನ್ನು ಎರಡು ಮಂಡಿಗಳ ನಡುವೆ ಅವುಚಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಳು. ಯಾರಾದರೂ ನೋಡಿದ್ದರೆ ಊರಿಗೆಲ್ಲ ನಗು. ಚಾಮುಂಡಮ್ಮ ಹಿಂದಿನಿಂದ ಒಂದು ಕಣ್ಣು ಮುಚ್ಚಿ, ಹ್ಯಾಂಡಲ್ಲೂ ಚಕ್ರವೂ ಒಂದು ನೇರಕ್ಕಿವೆಯೇ ಎಂದು ನೋಡಿದಳು. "ಸ್ವಲ್ಪ ಬಲಕ್ಕೆ. ಸಾಕು. ಅಲ್ಲಾಡಿಸಬೇಡಿ." ಸ್ಪ್ಯಾನರ್ ಹಾಕಿ ತಿರುಗಿಸತೊಡಗಿದಳು. ರಕ್ತ ಮೆತ್ತಿದ ಅಂಗೈ ಜಾರುತ್ತಿತ್ತು, ಸೆರಗು ಸುತ್ತಿಕೊಂಡು ತಿರುಗಿಸಿದಳು. ಒಂದು ಸುತ್ತು ಸಲೀಸಾಗಿ ಹೋಯಿತು.

"ಇವರು ಹೇಳಿ ಹೋಗಿದ್ರಾ ನಿಮಗೆ?"

"ಊ."

"ಗಲಾಟೇಲಿ ಮರೆತುಹೋಯ್ತೇನೋ." ಚಾಮುಂಡಮ್ಮ ಬೋಲ್ಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ವಯಸ್ಸಾಯ್ತು, ಮರೆವು ಸಹಜ."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಓಡಿ ಬಂದಿದ್ದಳು, ಅಡ್ಡ ನಿಂತಿದ್ದಳು, ಪೂಜೆ ಮುರಿದಿದ್ದಳು. ಮರೆತೆ ಅಂದರೆ ನಂಬದವರು ಯಾರು? ದೇವೀರಮ್ಮ ಮಂಡಿಯ ನಡುವಿನ ಚಕ್ರ ನೋಡಿದಳು.

"ನೆಪ್ಪಿತ್ತು ಕಣಮ್ಮಿ," ಎಂದಳು. "ನಿನ್ನ ಮುಂದೆ ನಿಂತಾಗ್ಲೂ ನೆಪ್ಪಿತ್ತು. ಬೇಕು ಅಂತ್ಲೇ ಏಳ್ನಿಲ್ಲ."

ಸ್ಪ್ಯಾನರ್ ನಿಂತಿತು. ಗೋಣಿಮರದಲ್ಲಿ ಗೊರವಂಕಗಳು ಕಚ್ಚಾಡುತ್ತಿದ್ದವು. ಚಾಮುಂಡಮ್ಮ ತಲೆಯೆತ್ತಿ ಅತ್ತೆಯನ್ನು ನೋಡಿದಳು. ದೇವೀರಮ್ಮ ಕಣ್ಣು ತಪ್ಪಿಸಲಿಲ್ಲ. ನೀರು ತುಂಬಿಕೊಂಡರೂ ಒರೆಸಿಕೊಳ್ಳಲಿಲ್ಲ. ಕೈಗಳೆರಡೂ ಹ್ಯಾಂಡಲ್ ಹಿಡಿದಿದ್ದವಲ್ಲ. ಸೊಸೆ ಬಗ್ಗಿ ಮತ್ತೆ ಸ್ಪ್ಯಾನರಿಗೆ ಮೈಭಾರ ಬಿಟ್ಟಳು. ಈ ಸುತ್ತು ಬಿಗಿಯಾಗಿ ಹೋಯಿತು, ಒಳಗೆಲ್ಲೋ ಬೆಣೆ ಕಿರ್ರೆಂದು ಕಚ್ಚಿಕೊಂಡಿತು. ತಾನೇ ಚಕ್ರವನ್ನು ಮಂಡಿಗಳ ನಡುವೆ ಹಿಡಿದು, ಹ್ಯಾಂಡಲನ್ನು ಶಕ್ತಿಯಿದ್ದಷ್ಟೂ ತಿರುಚಿ ನೋಡಿದಳು. ಅಲುಗಲಿಲ್ಲ.

ಸ್ಪ್ಯಾನರನ್ನು ಬ್ಯಾಗಿಗೆ ಹಾಕಲು ಹೋದವಳು ಒಂದು ಸೀಸೆ ಹೊರತೆಗೆದಳು. ಅತ್ತೆಯ ಕೈ ಹಿಡಿದೆಳೆದು, ಹೊಲದಲ್ಲಿ ಬಿದ್ದು ಕಿತ್ತುಹೋಗಿದ್ದ ಮೊಣಕೈಯ ಮಣ್ಣನ್ನು ಹತ್ತಿಯಿಂದ ತೆಗೆದು ಟಿಂಚರ್ ಸುರಿದಳು.

"ಅಯ್ಯಪ್ಪ! ಉರೀತದೆ ಕಣಮ್ಮಿ!"

"ಉರೀಲಿ," ಎಂದಳು ಚಾಮುಂಡಮ್ಮ.

ಗಾಯ ತುಂಬಿ ಹರಿಯುವ ತನಕ ಸುರಿದು, ಬಟ್ಟೆಪಟ್ಟಿ ಸುತ್ತಿ, ಗಂಟು ಹಾಕಿದಳು. ಗಂಟು ಬಿಗಿಯಾಯಿತೇನೋ ಎಂದು ಬೆರಳು ತೂರಿಸಿ ನೋಡಿ, ಬಿಚ್ಚಿ, ಸಡಿಲ ಮಾಡಿ ಮತ್ತೆ ಹಾಕಿದಳು. ತನ್ನ ಅಂಗೈಗೆ ಏನೂ ಹಚ್ಚಿಕೊಳ್ಳಲಿಲ್ಲ. ಬ್ಯಾಗನ್ನು ಕ್ಯಾರಿಯರಿಗೆ ಸಿಕ್ಕಿಸಿ ಸೈಕಲ್ ಹತ್ತಿದಳು. ಹೋಗಿ ಬರ್ತೀನಿ ಎನ್ನಲಿಲ್ಲ.

ಸೈಕಲ್ಲು ಇಳಿಜಾರಿಗೆ ಬಿದ್ದು ವೇಗ ಹಿಡಿಯಿತು. ಜಲ್ಲಿಯ ಮೇಲೆ ಕುಲುಕಾಡುತ್ತ, ಬಿಳಿ ಸೀರೆಯ ಬೆನ್ನು ಚಿಕ್ಕದಾಗುತ್ತ ಹೋಯಿತು. ದೇವೀರಮ್ಮ ದಿಣ್ಣೆಯ ಅಂಚಿಗೆ ಬಂದು ನಿಂತಿದ್ದಳು. ಕೆಳಗೆ ಮೋರಿ ಹತ್ತಿರ ಬಂತು, ರಸ್ತೆ ಎಡಕ್ಕೆ ಹೊರಳಿತು. ದಿಣ್ಣೆಯ ಮೇಲೆ ಅವಳ ಖಾಲಿ ಕೈಗಳೆರಡೂ ಗಾಳಿಯಲ್ಲಿ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ ಎಡಕ್ಕೆ ತಿರುಗಿದವು.